ಶುಕ್ರವಾರದ ಸುಣ್ಣ

ಈಗ ನಮ್ಮೂರಿನ ಹಿತ್ತಿಲುಗಳಿಗೆ ಹೋದರೆ ಕಾಣುವುದು ಬರೀ ಟೈಲ್ಸು. ಹೂವಿನ ಚಿತ್ರದ್ದು, ಅಲೆಯ ಚಿತ್ರದ್ದು. ಒಬ್ಬನಂತೂ ಬಚ್ಚಲುಮನೆಗೆ ತಂದು ಮಿಕ್ಕಿದ ಹಸಿರು ಟೈಲ್ಸನ್ನೇ ಗೋಡೆ ತುಂಬ ಅಂಟಿಸಿದ್ದಾನೆ. ಟೈಲ್ಸಿನ ಮೇಲೆ ಅಕ್ಷರ ಮೂಡುವುದಿಲ್ಲ. ಈಗಿನವರು ಕೇಳುವುದನ್ನೆಲ್ಲ ಅಂಗೈಯಲ್ಲಿ ಹಿಡಿದ ಫೋನಿಗೆ ಕೇಳುತ್ತಾರೆ. ಅದು ಎಲ್ಲಿಗೆ ಹೋಗುತ್ತದೋ, ಯಾರ ಮನೆ ಗೋಡೆ ಹತ್ತುತ್ತದೋ, ದೇವರೇ ಬಲ್ಲ. ನನಗೆ ಎಪ್ಪತ್ತು ತುಂಬಿತು. ಕೆರೆಯುವುದಕ್ಕೆ ಗೋಡೆಯೇ ಇಲ್ಲದ ಮೇಲೆ ಗೋಡೆ ಕೆರೆಯುವವನಿಗೆ ಏನು ಕೆಲಸ? ಆದರೂ ಶುಕ್ರವಾರ ಬೆಳಿಗ್ಗೆ ಎದ್ದರೆ ಮೂಗು ತಾನಾಗಿ ಹಸಿ ಸುಣ್ಣದ ವಾಸನೆ ಹುಡುಕುತ್ತದೆ.

ಆಗ ಊರಿಗೆಲ್ಲ ಇದ್ದದ್ದು ಫಿಲೋಮಿನಾ ಮೇಡಂ ಅವರ ಬ್ರೌಸಿಂಗ್ ಸೆಂಟರ್ ಒಂದೇ. ಬಸ್ ನಿಲ್ದಾಣದ ಎದುರು, ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಆರು ಕಂಪ್ಯೂಟರು. ಕೆಳಗೆ ರಾಗಿ ಬೀಸುತ್ತಿದ್ದರೆ ಮೇಲೆ ಕೀಬೋರ್ಡಿನ ಮೇಲೆಲ್ಲ ಹಿಟ್ಟು ಕೂರುತ್ತಿತ್ತು. ಮೇಡಂ ಒಂದು ಹಳೆಯ ಶೇವಿಂಗ್ ಬ್ರಷ್ ಹಿಡಿದು ಒಂದೊಂದೇ ಅಕ್ಷರವನ್ನು ಒರೆಸಿ, "ಕೂತ್ಕೊಳ್ಳಿ, ಕೇಳಿ, ಏಳಿ. ಲೈನ್ ಇದೆ" ಅನ್ನುತ್ತಿದ್ದರು. ನೀವು ಕೂತು, ಕಂಪ್ಯೂಟರಿಗೆ ಏನು ಕೇಳಬೇಕೋ ಕೇಳಿ, ಉತ್ತರ ಓದಿಕೊಂಡು ಮನೆಗೆ ಬರುತ್ತಿದ್ದಿರಿ. ಮಾರನೆಯ ಬೆಳಿಗ್ಗೆ ನೀವು ಕೇಳಿದ ಪ್ರಶ್ನೆ ನಿಮ್ಮ ಮನೆಯ ಹಿತ್ತಿಲ ಗೋಡೆಯ ಮೇಲೆ, ತೆಳು ಕಾವಿ ಬಣ್ಣದಲ್ಲಿ, ಸರಿಯಾಗಿ ನಿಮ್ಮ ಗದ್ದದ ಎತ್ತರಕ್ಕೆ ಮೂಡಿರುತ್ತಿತ್ತು. ಉತ್ತರ ಮೂಡುತ್ತಿರಲಿಲ್ಲ, ಪ್ರಶ್ನೆ ಮಾತ್ರ. ಪಕ್ಕದೂರಿಗೆ ಬಸ್ಸು ಹತ್ತಿ ಹೋಗಿ ಕೇಳಿ ಬರುವ ಬುದ್ಧಿವಂತರೂ ಇದ್ದರು. ಅವರ ಪ್ರಶ್ನೆ ಎರಡು ದಿನ ತಡವಾಗಿ ಬರುತ್ತಿತ್ತು, ಅಷ್ಟೇ. ಬೇರೆ ಊರುಗಳಲ್ಲಿ ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರೆ. ನಮ್ಮೂರಲ್ಲಿ ಗೋಡೆಗೆ ಬಾಯಿಯೇ ಇತ್ತು.

ಹಾಗಂತ ಯಾರೂ ಕಂಪ್ಯೂಟರಿಗೆ ಕೇಳುವುದನ್ನು ಬಿಡಲಿಲ್ಲ. ಬದಲಿಗೆ ಸುಣ್ಣ ಬಂತು. ಶುಕ್ರವಾರ ಬೆಳಿಗ್ಗೆ ಆರಕ್ಕೆಲ್ಲ ಮನೆಮನೆಯ ಹಿತ್ತಿಲಲ್ಲಿ ಬಕೆಟ್ಟಿನ ಸದ್ದು, ಕತ್ತಾಳೆ ಕುಂಚದ ಸದ್ದು. ವಾರದ ಪ್ರಶ್ನೆಗಳ ಮೇಲೆ ಒಂದು ಪದರ ಸುಣ್ಣ. ಹಬ್ಬದ ಶುಕ್ರವಾರ ಸುಣ್ಣಕ್ಕೆ ಒಂದಿಷ್ಟು ಬಟ್ಟೆಯ ನೀಲಿ. ಇದಕ್ಕೊಂದು ಮರ್ಯಾದೆ ಇತ್ತು: ಬಳಿಯುವವರು ಓದಬಾರದು. ಹೆಂಗಸರು ಕಣ್ಣು ಮುಚ್ಚಿಕೊಂಡೇ ಬಳಿಯುತ್ತಿದ್ದರು, ಕೈಗೆ ಗೋಡೆ ಗೊತ್ತಿತ್ತು. ಮಿಕ್ಕ ದಿನ ಹಿತ್ತಿಲಿಗೆ ಹೋದರೂ ಬಾವಿ ಕಡೆ ಮುಖ ಮಾಡಿಕೊಂಡೇ ನಡೆಯಬೇಕು. ಗಂಡನ ಸಾಲನ್ನು ಹೆಂಡತಿ ಓದುವುದಿಲ್ಲ, ಹೆಂಡತಿಯದನ್ನು ಗಂಡ ಓದುವುದಿಲ್ಲ. ಓದಿದವರ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ. ಮಕ್ಕಳ ಸಾಲುಗಳನ್ನು ಮಾತ್ರ ತಾಯಿ ಓದಬಹುದಿತ್ತು, ಅದೂ ಸಾಲು ಅವಳ ಹೆಗಲು ಮುಟ್ಟುವ ತನಕ. ನನ್ನ ಮಗಳು ಚೆಲುವಿಯ ಮೊದಲ ಪ್ರಶ್ನೆ ಮೊಣಕಾಲಿನಿಂದ ಒಂದು ಗೇಣು ಮೇಲಕ್ಕಿತ್ತು: ಕೋಳಿಗೆ ಹಲ್ಲು ಯಾಕಿಲ್ಲ? ನನ್ನ ಹೆಂಡತಿ ಅದನ್ನು ಓದಿ ನಕ್ಕಿದ್ದು ಬೀದಿಗೆಲ್ಲ ಕೇಳಿಸಿತ್ತು. ಸಾಲುಗಳು ವರ್ಷ ವರ್ಷ ಗೋಡೆ ಹತ್ತುತ್ತ ಬಂದವು. ಒಂದು ಶುಕ್ರವಾರ ಹೆಂಡತಿ ಬಕೆಟ್ಟು ಕೆಳಗಿಟ್ಟು, "ಇವತ್ತಿಂದ ನಾನ್ ಓದಲ್ಲ. ಹೆಗಲಿಗೆ ಬಂದ್ಳು" ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಊರಿನಲ್ಲಿ ಓದುವ ಹಕ್ಕು ಇದ್ದವರು ಇಬ್ಬರೇ. ಒಬ್ಬರು ಹಯಾತ್ ಸಾಬರು, ಇನ್ನೊಬ್ಬ ನಾನು, ಮುದ್ದುರಂಗ. ಸಾಬರು ಮೊದಲು ಸುಣ್ಣದ ಗೂಡು ಇಟ್ಟಿದ್ದವರು, ನಾನು ಅವರ ಹತ್ತಿರ ಗಾರೆ ಕೆಲಸಕ್ಕಿದ್ದವನು. ಠಾಣೆಗೆ ಯಾವುದಾದರೂ ದೂರು ಬಂದು, ಯಾರು ಏನು ಕೇಳಿದ್ದರು ಎಂದು ತಿಳಿಯಬೇಕಾದರೆ ನಮ್ಮನ್ನು ಕರೆಸುತ್ತಿದ್ದರು. ನಾಲ್ಕು ಪದರ ಬಳಿದರೆ ಅಳಿಸಿಹೋಯಿತು ಎಂದುಕೊಂಡವರೇ ಎಲ್ಲರೂ. ಸುಣ್ಣ ಮುಚ್ಚುತ್ತದೆ, ಅಳಿಸುವುದಿಲ್ಲ. ಗೋಡೆಗೆ ಹುಳಿ ಮಜ್ಜಿಗೆ ಹಚ್ಚಿ, ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ತೆಂಗಿನ ಚಿಪ್ಪಿನ ಅಂಚಿನಿಂದ ಮೆಲ್ಲಗೆ ಎಳೆದರೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಒಂದು ಶುಕ್ರವಾರ ಕಳಚಿಕೊಳ್ಳುತ್ತಿತ್ತು. ಕೆಳಗಿನ ಸಾಲು ನಿನ್ನೆ ಮೂಡಿದ ಹಾಗೆ ಕಾಣುತ್ತಿತ್ತು. ನೀಲಿ ಪದರ ಬಂದರೆ ಹಬ್ಬ. ಯುಗಾದಿಯಿಂದ ಎಷ್ಟನೆಯ ವಾರ, ಗೌರಿ ಹಬ್ಬದಿಂದ ಎಷ್ಟನೆಯ ವಾರ ಎಂದು ಎಣಿಸಿ ನಾವು ಪ್ರಶ್ನೆಯ ವಾರ ಹೇಳುತ್ತಿದ್ದೆವು. ಬೀಗ ಮುರಿದವನು, ಕಂಡವರ ಎಮ್ಮೆ ಹೊಡೆದುಕೊಂಡು ಹೋದವನು, ಮನೆ ಬಿಟ್ಟು ಓಡಿಹೋದ ಜೋಡಿ, ಎಲ್ಲರೂ ಹೋಗುವ ಮೊದಲು ಏನಾದರೊಂದು ಕೇಳಿಯೇ ಇರುತ್ತಿದ್ದರು.

ಯಾರು ಕೇಳಿದ್ದು ಎನ್ನುವುದಕ್ಕೆ ಠಾಣೆಯಲ್ಲಿ ಮಟ್ಟದ ಪುಸ್ತಕವಿತ್ತು. ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬರನ್ನೂ ಒಂದು ಸಲ ಗೋಡೆಗೆ ನಿಲ್ಲಿಸಿ ನೆಲದಿಂದ ಗದ್ದದ ತನಕ ಅಳೆದು ಬರೆದುಕೊಳ್ಳುತ್ತಿದ್ದರು. ಇಪ್ಪತ್ತೊಂದರ ಮೇಲೆ ಯಾರೂ ಬೆಳೆಯುವುದಿಲ್ಲವಲ್ಲ, ಒಂದೇ ಸಲ ಸಾಕು. ಯಾರ ಮೇಲೆ ಅನುಮಾನವೋ ಅವರ ಮಟ್ಟ ಪುಸ್ತಕದಲ್ಲಿ ನೋಡಿ, ಆ ಎತ್ತರದಲ್ಲಿ ಅಂಗೈ ಅಗಲದ ಒಂದು ಪಟ್ಟಿ ಮಾತ್ರ ನಾವು ಕೆರೆಯಬೇಕು. ಪಟ್ಟಿ ಬಿಟ್ಟು ಮೇಲೆ ಕೆಳಗೆ ಹೋದರೆ ಬೇರೆಯವರ ಮನಸ್ಸಿಗೆ ಕೈ ಹಾಕಿದ ಹಾಗೆ. ಸತ್ತವರ ಪಟ್ಟಿಯನ್ನಂತೂ ಮುಟ್ಟುವ ಹಾಗೇ ಇಲ್ಲ. ಸತ್ತವರನ್ನು ವಿಚಾರಣೆ ಮಾಡಬಾರದು ಎನ್ನುವುದು ಊರಿನ ಮಾತು. ಈ ನಿಯಮಗಳನ್ನು ನಾನು ಹದಿನಾರು ವರ್ಷ ಕಣ್ಣಿಗೊತ್ತಿಕೊಂಡು ಪಾಲಿಸಿದೆ. ಹದಿನೇಳನೆಯ ವರ್ಷ ಗೌರಿ ಹಬ್ಬ ಕಳೆದು ಮೂರನೆಯ ವಾರ ಟೈಲರ್ ನಾಮದೇವಪ್ಪ ಸತ್ತರು.

ನಾಮದೇವಪ್ಪನವರು ಹೊಲಿದ ಅಂಗಿ ಹಾಕದ ಗಂಡಸು ನಮ್ಮೂರಲ್ಲಿ ಇರಲಿಲ್ಲ. ಒಂದು ಕಾಲಕ್ಕೆ ಊರಿನ ಎತ್ತರದ ಆಳು ಅವರೇ. ಅಳತೆ ತೆಗೆಯುವಾಗ ನಮ್ಮ ತಲೆಯ ಮೇಲಿಂದ ಟೇಪು ಇಳಿಬಿಡುತ್ತಿದ್ದರು. ಕೊನೆಯ ಎರಡು ವರ್ಷದಲ್ಲಿ ಬೆನ್ನುಮೂಳೆಗೆ ಅದೇನೋ ಬಂದು ಬಾಗುತ್ತ ಹೋದರು. ಆ ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಡಾಕ್ಟರು ನೋಡಿ, ಹೊಟ್ಟೆಗೆ ವಿಷ ಹೋಗಿದೆ ಅಂದರು. ಮನೆಯಲ್ಲಿ ಇದ್ದದ್ದು ಗಂಡ ಹೆಂಡತಿ ಇಬ್ಬರೇ, ಮಕ್ಕಳಿಲ್ಲ. ಹೆಂಡತಿ ರುಕುಮಾಬಾಯಿಯನ್ನು ಏನು ಕೇಳಿದರೂ, "ನಾನ್ ಬಡ್ಸಿದೆ, ಅವ್ರು ಉಂಡ್ರು" ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಅಳುವೂ ಇಲ್ಲ. ಅಳದ ಹೆಂಗಸನ್ನು ಊರು ನಂಬುವುದಿಲ್ಲ. ನಾಮದೇವಪ್ಪನವರ ತಮ್ಮ ಪುಂಡಲೀಕ, ಅವನೂ ಟೈಲರೇ, ಪೇಟೆ ಬೀದಿಯಲ್ಲಿ ಅಂಗಡಿ, ಠಾಣೆಗೆ ಹೋಗಿ ಅತ್ತಿಗೆಯ ಮೇಲೆ ದೂರು ಕೊಟ್ಟ. ಅವನು ಕೆಟ್ಟವನಲ್ಲ. ಅಣ್ಣನೇ ಅವನಿಗೆ ಸೂಜಿ ಹಿಡಿಯುವುದು ಕಲಿಸಿದ್ದು. ದುಃಖಕ್ಕೆ ಯಾರನ್ನಾದರೂ ಬೈಯಬೇಕು, ಅವನಿಗೆ ಸಿಕ್ಕಿದ್ದು ಅವಳು.

ಇನ್‌ಸ್ಪೆಕ್ಟರ್ ಬೋರಲಿಂಗಯ್ಯ ಪುಸ್ತಕ ತೆಗೆದರು. ರುಕುಮಾಬಾಯಿಯ ಮಟ್ಟ ನಾಲ್ಕಡಿ ಮೂರಂಗುಲ. ನಾಮದೇವಪ್ಪನವರದು ಐದಡಿಗೆ ಒಂದಂಗುಲ ಕಮ್ಮಿ. "ಬುಡಪ್ಪ ಅದನ್ನ, ಸತ್ತೋರದು" ಎಂದು ಅದನ್ನು ಬೆರಳಿನಿಂದ ಮುಚ್ಚಿ ನನಗೆ ಅವಳ ಮಟ್ಟ ಬರೆದುಕೊಟ್ಟರು. ಸಾಬರಿಗೆ ಆಗಲೇ ಕಣ್ಣು ಮಂಜಾಗಿತ್ತು, ಚಿಪ್ಪು ನನ್ನ ಕೈಯಲ್ಲಿತ್ತು. ಪಟ್ಟಿ ಗುರುತು ಹಾಕಿ, ಮಜ್ಜಿಗೆ ಹಚ್ಚಿ ಎಳೆದೆ. ಮೇಲಿನ ಒಂದೇ ಶುಕ್ರವಾರದ ಕೆಳಗೆ ಆ ಸಾಲು ಸಿಕ್ಕಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ವಿಷದ ಹೆಸರಿತ್ತು, ಎಷ್ಟು ಹೊತ್ತು ಬೇಕು ಎಂದಿತ್ತು. ಅದರ ಪಕ್ಕದಲ್ಲೇ, ಅದೇ ವಾರದ್ದು, ಇನ್ನೊಂದು ಸಾಲು: ಬಾಗಿದ ಬೆನ್ನಿಗೆ ಅಂಗಿಯ ಅಳತೆ ತೆಗೆಯುವುದು ಹೇಗೆ? ನಾನು ಎರಡನ್ನೂ ಓದಿ ಹೇಳಿದ್ದು ಕೇಳಿ ಬೋರಲಿಂಗಯ್ಯ, "ನೋಡಯ್ಯ, ವಿಷಾನೂ ವಿಚಾರಿಸ್ಕೊಂಡಿದ್ದಾಳೆ, ಹೆಣಕ್ಕೆ ಹಾಕೋ ಅಂಗೀನೂ ವಿಚಾರಿಸ್ಕೊಂಡಿದ್ದಾಳೆ" ಅಂದರು. ಸುತ್ತ ನಿಂತವರು ಹೌದು ಹೌದು ಅಂದರು. ನನ್ನ ಬೆನ್ನು ತಟ್ಟಿದರು. ನಾನೂ ಉಬ್ಬಿದೆ, ಸುಳ್ಳು ಹೇಳುವುದಿಲ್ಲ. ಪಟ್ಟಿಯಲ್ಲಿ ಇನ್ನೂ ನಾಲ್ಕು ಮೊಳ ಕೆರೆಯುವುದಿತ್ತು. ಬೇಕಾದ್ದು ಸಿಕ್ಕಿತಲ್ಲ ಎಂದು ಚಿಪ್ಪು ಒರೆಸಿ ಚೀಲಕ್ಕೆ ಹಾಕಿದೆ.

ರುಕುಮಾಬಾಯಿಯನ್ನು ಠಾಣೆಯ ಹಿಂದಿನ ಕೋಣೆಯಲ್ಲಿ ಕೂರಿಸಿದರು. ಸೋಮವಾರ ದೊಡ್ಡೂರಿನ ಕೋರ್ಟಿಗೆ ಕರೆದೊಯ್ಯುವುದೆಂದಾಯಿತು. ಆ ಕೋರ್ಟಿಗೆ ನಮ್ಮೂರಿನ ಗೋಡೆಯ ಸಾಲೇ ವೇದವಾಕ್ಯ. ಗೋಡೆ ಹೇಳಿದ ಮೇಲೆ ಬಿಟ್ಟು ಕಳಿಸಿದ ಉದಾಹರಣೆ ಒಂದೂ ಇರಲಿಲ್ಲ. ಹೋದವಳು ಮರಳಿ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಕೆಲವರು ಆಗಲೇ ಆ ಮನೆಯ ಹೊಲಿಗೆ ಮೆಷೀನು ಯಾರಿಗೆ ಹೋಗುತ್ತದೆ ಎಂದು ಮಾತಾಡತೊಡಗಿದ್ದರು.

ಇನ್ನೊಂದೇ ಕೆಲಸ ಬಾಕಿ ಇತ್ತು. ಪ್ರಶ್ನೆ ಕೇಳಿದ ದಿನ ಅವಳು ಸೆಂಟರಿಗೆ ಬಂದಿದ್ದಳೋ ಇಲ್ಲವೋ ಎಂದು ಫಿಲೋಮಿನಾ ಮೇಡಂ ಅವರಿಂದ ಬರೆಸಿಕೊಂಡು ಬರಬೇಕು. ಶನಿವಾರ ಸಂಜೆ ಮಹಡಿ ಹತ್ತಿದೆ. ಮೇಡಂ ರಿಜಿಸ್ಟರು ತೆಗೆದರು. ಅದರಲ್ಲಿ ಹೆಸರಿರುವುದಿಲ್ಲ, ಕುರ್ಚಿಯ ನಂಬರು, ಗಂಟೆ, ಅಷ್ಟೇ. "ನಾನು ಕುರ್ಚಿ ನೋಡ್ತೀನಿ, ಮುಖ ನೋಡೋದಿಲ್ಲ. ನಮ್ಮ ಧರ್ಮ ಅದು" ಎಂದು ಯಾವಾಗಲೂ ಹೇಳುವ ಮಾತನ್ನೇ ಹೇಳಿದರು. ಮಿಕ್ಕ ನಂಬರುಗಳು ಪುಟದ ತುಂಬ ಇದ್ದರೆ, ಆ ವಾರ ನಾಲ್ಕನೆಯದು ಎರಡೇ ಸಲ ಇತ್ತು. ನಾನು ನಾಲ್ಕನೆಯ ಕುರ್ಚಿಯ ಕಡೆ ನೋಡಿದೆ. ಮಿಕ್ಕ ಐದು ಕಂಪ್ಯೂಟರು ಮೇಜಿನ ಮೇಲಿದ್ದವು. ನಾಲ್ಕನೆಯದು ಒಂದು ಮೋಟು ಸ್ಟೂಲಿನ ಮೇಲೆ, ನೆಲಕ್ಕೆ ಹತ್ತಿರದಲ್ಲಿತ್ತು. "ಇದ್ಯಾಕೆ ಮೇಡಂ ಕೆಳಗಿಳಿಸಿದ್ದೀರಿ?" ಅಂದೆ.

"ಟೈಲರ್ ಅವ್ರಿಗೋಸ್ಕರ. ಕತ್ತು ಎತ್ತೋಕೆ ಆಗ್ತಿರಲಿಲ್ಲ ಅಲ್ವಾ? ಯುಗಾದಿ ಹೊತ್ತಿಗೆ ಮೇಜಿಂದ ಇಳಿಸ್ದೆ. ಆಮೇಲೆ ಸ್ಟೂಲಿನ ಕಾಲು ಗರಗಸದಲ್ಲಿ ಕೊಯ್ಸಿದೆ. ಗೌರಿ ಹಬ್ಬದ ಹೊತ್ತಿಗೆ ಇನ್ನೊಂದ್ಸಲ ಕೊಯ್ಸಿದೆ." ಇಷ್ಟು ಹೇಳಿ ಮೇಡಂ ರಿಜಿಸ್ಟರು ಮುಚ್ಚಿದರು. ಅವರು ಮುಖ ನೋಡುವುದಿಲ್ಲ ಅಂದವರು, ಕತ್ತು ನೋಡಿದ್ದರು.

ಮಹಡಿ ಮೆಟ್ಟಿಲು ಇಳಿಯುವಾಗ ಹೊಳೆಯಿತು, ನಾನು ತೆರೆದ ಸಾಲು ಅವಳದೇ ಆಗಬೇಕಿಲ್ಲ. ನಾಮದೇವಪ್ಪ ಬಾಗಿದ್ದನ್ನು ಊರಲ್ಲಿ ನೋಡದವರು ಯಾರಿದ್ದಾರೆ? ದಿನಾ ಬೀದಿಯಲ್ಲಿ ನೋಡುತ್ತಿದ್ದೆವು, ಪಾಪ ಎನ್ನುತ್ತಿದ್ದೆವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನಾವು ಕನ್ನಡಿಯಲ್ಲ, ಪುಸ್ತಕವನ್ನೇ ತೆಗೆದೆವು. ಪುಸ್ತಕದಲ್ಲಿ ಅವರು ಬೆನ್ನು ಬಾಗುವ ಮೊದಲಿನ ನೆಟ್ಟನೆಯ ಆಳಾಗಿಯೇ ಉಳಿದಿದ್ದರು. ಬಾಗಿದ ಮನುಷ್ಯನ ಗದ್ದ ಎಲ್ಲಿಗೆ ಬರುತ್ತದೆ ಎಂದು ಅಳೆದವರು ಯಾರೂ ಇಲ್ಲ. ಗೋಡೆ ಮಾತ್ರ ವಾರ ವಾರ ಅಳೆಯುತ್ತಿತ್ತು.

ಭಾನುವಾರ ಬೆಳಿಗ್ಗೆ ಸಾಬರ ಮನೆಗೆ ಹೋಗಿ ಎಲ್ಲ ಹೇಳಿದೆ. ಪಟ್ಟಿ ಬಿಟ್ಟು ಮೇಲೆ ಕೆರೆಯಬೇಕು, ಸತ್ತವರ ಮಟ್ಟದಿಂದ ಶುರು ಮಾಡಬೇಕು ಅಂದೆ. ಸಾಬರು ರೇಗಿದರು. "ಲೋ ರಂಗ, ನಲವತ್ತು ವರ್ಷ ಸುಣ್ಣ ಬೇಯಿಸಿದೀನಿ, ಇಪ್ಪತ್ತು ವರ್ಷ ಕೆರೆದಿದೀನಿ. ಸತ್ತೋರ ಮಾತಿಗೆ ಕೈ ಹಾಕಿಲ್ಲ. ನಾಳೆ ನನ್ನ ಗೋಡೇನೂ ಹಂಗೇ ಕೆರೀತೀಯಾ?" ನಾನು ತಲೆ ತಗ್ಗಿಸಿ, "ತಪ್ಪು ಓದಿದ್ದು ನಾನು ಸಾಬ್ರೇ. ನಾಳೆ ಅವಳು ಬಸ್ಸು ಹತ್ತಿಬಿಟ್ಟರೆ ನಾನು ಯಾವ ಮುಖ ಇಟ್ಕೊಂಡು ಚಿಪ್ಪು ಹಿಡೀಲಿ?" ಅಂದೆ. ಸಾಬರು ಗಡ್ಡ ನೀವಿಕೊಂಡರು. ಆಮೇಲೆ ಒಳಗೆ ಕೂಗಿ, ಮಜ್ಜಿಗೆ ಗಡಿಗೆ ತರಲು ಹೇಳಿದರು. "ಪಾಪ ಬಂದ್ರೆ ಇಬ್ರೂ ಹಂಚ್ಕೊಳ್ಳೋಣ, ನಡಿ" ಅಂದರು.

ಐದಡಿಯ ಹತ್ತಿರ ಶುರು ಮಾಡಿದೆವು. ಸಾಬರು ಮಜ್ಜಿಗೆ ಹಚ್ಚುವುದು, ನಾನು ಎಳೆಯುವುದು. ಮೇಲೆ ಪದರಗಳು ದಪ್ಪ, ನೂರರ ಹತ್ತಿರ ಶುಕ್ರವಾರ ಇಳಿಯಬೇಕಾಯಿತು. ಎರಡು ವರ್ಷದ ಹಿಂದಿನ ದೀಪಾವಳಿಯ ನೀಲಿ ಬಂತು. ಅದರ ಕೆಳಗೆ, ಪುಸ್ತಕ ಹೇಳಿದ ಮಟ್ಟದಲ್ಲೇ, ಮೊದಲ ಸಾಲು: ಗುಂಡಿಯ ಕಾಜಾ ಹೊಲಿಯುವ ಮೆಷೀನು ಎಲ್ಲಿ ಸಿಗುತ್ತದೆ? ಅದರ ಪಕ್ಕ: ಮಲ್ಲಿಗೆ ಗಿಡಕ್ಕೆ ಹುಳ ಬಿದ್ದರೆ ಏನು ಮಾಡಬೇಕು? ನನಗೆ ನಗು ಬಂತು, ಅವರ ದನಿಯೇ ಕೇಳಿದ ಹಾಗಾಯಿತು. ಒಂದಂಗುಲ ಕೆಳಗೆ, ಸಂಕ್ರಾಂತಿಯ ಆಚೆ: ಬೆನ್ನು ನೋವಿಗೆ ಯಾವ ಎಣ್ಣೆ? ಇನ್ನೊಂದಂಗುಲ ಕೆಳಗೆ, ಯುಗಾದಿಯ ಆಚೆ: ಬಾಗಿದ ಬೆನ್ನುಮೂಳೆ ನೆಟ್ಟಗಾಗುತ್ತದೆಯೇ? ಮತ್ತೆ ಕೆಳಗೆ: ನೆಟ್ಟಗಾಗದಿದ್ದರೆ? ಸಾಲುಗಳು ಮೆಟ್ಟಿಲು ಇಳಿದ ಹಾಗೆ ಇಳಿಯುತ್ತಿದ್ದವು. ಚೆಲುವಿಯ ಸಾಲುಗಳು ಹತ್ತಿದ್ದನ್ನು ನೋಡಿದ್ದ ನನಗೆ ಇವು ಇಳಿಯುವುದನ್ನು ನೋಡಲು ಆಗಲಿಲ್ಲ, ಕಣ್ಣು ತುಂಬಿ ಬಂತು. ಸೂಜಿಗೆ ದಾರ ಪೋಣಿಸುವಾಗ ಕೈ ನಡುಗಿದರೆ ಏನು ಉಪಾಯ? ಅಂಗಡಿಯನ್ನು ಹೆಂಡತಿಯ ಹೆಸರಿಗೆ ಬರೆಸಲು ಯಾರನ್ನು ಕಾಣಬೇಕು? ಒಬ್ಬರಿಗೆ ಭಾರವಾಗದೆ ಇರುವುದು ಹೇಗೆ? ಪ್ರತಿ ಸಾಲಿಗೂ ಪದರ ತೆಳುವಾಗುತ್ತ ಬಂತು. ಕೊನೆಯ ಮೆಟ್ಟಿಲು ಬಂದು ನಿಂತದ್ದು ನಾಲ್ಕಡಿ ಮೂರಂಗುಲದಲ್ಲಿ, ನಾನು ಮೊನ್ನೆ ಹೆಮ್ಮೆಯಿಂದ ತೆರೆದಿದ್ದ ಆ ಸಾಲಿನಲ್ಲಿ.

ಅಷ್ಟು ಹೊತ್ತಿಗೆ ಬೀದಿಯಲ್ಲಿ ಗುಲ್ಲಾಗಿತ್ತು. ಪುಂಡಲೀಕ ಅಂಗಡಿಯಿಂದ ಓಡಿ ಬಂದ. ಅವನ ಹಿಂದೆ ಬೋರಲಿಂಗಯ್ಯ. "ಸತ್ತೋರ ಪಟ್ಟಿ ಕೆರೆಯೋಕೆ ಯಾರು ಹೇಳಿದ್ದು ನಿಂಗೆ? ಒಳಗೆ ಹಾಕಿಬಿಡ್ತೀನಿ" ಎಂದು ಇನ್‌ಸ್ಪೆಕ್ಟರು ಕೂಗಾಡಿದರು. ನಾನು ಗೋಡೆ ತೋರಿಸಿದೆ. ಓದಬಾರದು ಎಂದು ಪುಂಡಲೀಕ ಮೊದಲು ಮುಖ ತಿರುಗಿಸಿದ. ಆದರೆ ಮಲ್ಲಿಗೆ ಗಿಡದ ಸಾಲು ಕಣ್ಣಿಗೆ ಬಿದ್ದಿರಬೇಕು. ಆ ಗಿಡ ಅವನೇ ಅಣ್ಣನಿಗೆ ತಂದುಕೊಟ್ಟದ್ದು. ಅಲ್ಲಿಂದ ಒಂದೊಂದೇ ಸಾಲು ಓದುತ್ತ ಕೆಳಗಿಳಿದ. ಇಳಿದಂತೆಲ್ಲ ಅವನ ಬೆನ್ನೂ ಬಾಗುತ್ತ ಬಂತು. ಬೋರಲಿಂಗಯ್ಯ ಮಾತ್ರ ಸುಲಭಕ್ಕೆ ಬಗ್ಗುವವರಲ್ಲ. "ಇಷ್ಟೆಲ್ಲ ಅವರದೇ ಇರಬಹುದು ಕಣಯ್ಯ. ಆದ್ರೆ ಆ ಕೊನೇ ಸಾಲು ಅವಳ ಮಟ್ಟದಲ್ಲಿದೆ. ಅವರು ಅಷ್ಟು ಕೆಳಗೆ ಬಾಗಿದ್ರು ಅನ್ನೋದಕ್ಕೆ ಏನಿದೆ? ಅಳತೆ ಬೇಕು. ದಹನ ಆಗಿಹೋಯ್ತು, ಇನ್ನೆಲ್ಲಿ ಅಳೀತೀಯಾ?" ಅಂದರು.

ಅವರು ಕೇಳಿದ್ದು ಸರಿಯಾಗಿತ್ತು. ಪುಂಡಲೀಕನೇ ಆ ಎರಡನೆಯ ಸಾಲಿನ ಮೇಲೆ ಬೆರಳಿಟ್ಟ. ಬಾಗಿದ ಬೆನ್ನಿಗೆ ಅಂಗಿಯ ಅಳತೆ ತೆಗೆಯುವುದು ಹೇಗೆ? "ಇದು ಟೈಲರ್ ಕೇಳೋ ಪ್ರಶ್ನೆ ಅಲ್ಲ. ಅಣ್ಣನಿಗೆ ಇದು ಬರ್ತಿತ್ತು. ನಂಗೆ ಕಲಿಸಿದ್ದೇ ಅವನು. ಇದು ಅತ್ತಿಗೆ ಕೇಳಿರೋದು" ಅಂದ. ಅಂದವನೇ ಮನೆಯೊಳಗೆ ಹೋಗಿ ಹೊಲಿಗೆ ಮೆಷೀನಿನ ಮೇಲೆ ಮುಚ್ಚಿದ್ದ ಬಟ್ಟೆ ತೆಗೆದ. ಮೆಷೀನಿನ ಸೂಜಿಯ ಕೆಳಗೆ ಒಂದು ಬಿಳಿ ಅಂಗಿ ಸಿಕ್ಕಿಕೊಂಡಿತ್ತು. ತೋಳು ಕೂಡಿಸಿರಲಿಲ್ಲ. ಗುಂಡಿ ಹಾಕಿರಲಿಲ್ಲ. ಹೊಲಿಗೆ ಕಲಿಯದ ಹೆಂಗಸಿನ ಹೊಲಿಗೆ ಅದು, ಎರಡು ಕಡೆ ಬಿಚ್ಚಿ ಮತ್ತೆ ಹೊಲಿದಿತ್ತು. ಬೆನ್ನಿನ ಭಾಗ ಮುಂದಿನ ಭಾಗಕ್ಕಿಂತ ಒಂದು ಗೇಣು ಉದ್ದವಿತ್ತು. ಹೆಣಕ್ಕೆ ಯಾರೂ ಹಾಗೆ ಹೊಲಿಯುವುದಿಲ್ಲ. ಮಲಗಿಸಿದ ಹೆಣಕ್ಕೆ ಬೆನ್ನು ನೆಟ್ಟಗಿದ್ದರೂ ಒಂದೇ, ಬಾಗಿದ್ದರೂ ಒಂದೇ.

ಪುಂಡಲೀಕ ಕುತ್ತಿಗೆಯ ಟೇಪು ಇಳಿಸಿದ. ಅಂಗಿಯ ಬೆನ್ನು ಅಳೆದ, ಎದೆ ಅಳೆದ, ಕಾಲರಿನ ಇಳಿಜಾರು ಅಳೆದ. ಬಳಪ ತೆಗೆದುಕೊಂಡು ನೆಲದ ಮೇಲೆ ಏನೋ ಲೆಕ್ಕ ಹಾಕಿದ. ಆಮೇಲೆ ಅಣ್ಣನ ಪ್ಯಾಂಟಿನ ಕಾಲಿನ ಉದ್ದ ಕೂಡಿಸಿದ. ಟೇಪಿನ ತುದಿಯನ್ನು ಕಾಲಿನ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದು, ಗೋಡೆಯ ಉದ್ದಕ್ಕೂ ಮೇಲಕ್ಕೆಳೆದು, ಬಳಪದಲ್ಲಿ ಒಂದು ಗೆರೆ ಹಾಕಿದ. "ಈ ಅಂಗಿ ಹಾಕ್ಕೊಂಡು ನಿಂತೋನ ಗದ್ದ ಇಲ್ಲಿಗೆ ಬರುತ್ತೆ ಸಾಹೇಬ್ರೇ" ಅಂದ. ಗೆರೆ ಆ ಸಾಲನ್ನು ತೂರಿಕೊಂಡು ಹೋಗಿತ್ತು. ಬೋರಲಿಂಗಯ್ಯ ಟೋಪಿ ತೆಗೆದರು. ಪುಂಡಲೀಕ ಗೋಡೆಗೆ ಹಣೆ ಹಚ್ಚಿ ಅಳತೊಡಗಿದ. ಅಣ್ಣನ ಅಳತೆಯನ್ನು ಕೊನೆಯ ಸಲ ಹೀಗೆ ತೆಗೆಯಬೇಕಾಗಿ ಬಂತಲ್ಲ ಎನ್ನುವುದು ಅವನಿಗೂ ಹೊಳೆದಿರಬೇಕು. ಮುಂದೆ ಅದೇ ತಿಂಗಳು ಊರಿನವರೆಲ್ಲರ ಮಟ್ಟವನ್ನು ಹೊಸದಾಗಿ ಅಳೆದರು. ನಾಲ್ಕೂಮುಕ್ಕಾಲು ಅಡಿ ಎಂದು ಬೀಗುತ್ತಿದ್ದ ಎಷ್ಟೋ ಜನ ಮುದುಕರು ಎರಡಂಗುಲ ಕಮ್ಮಿ ಬಂದು ಇನ್‌ಸ್ಪೆಕ್ಟರ ಜೊತೆ ಜಗಳ ಆಡಿದರು. ಆ ಮಾತು ಬೇರೆ.

ಸೋಮವಾರ ದೊಡ್ಡೂರಿನ ಬಸ್ಸು ರುಕುಮಾಬಾಯಿ ಇಲ್ಲದೆ ಹೋಯಿತು. ಹತ್ತು ಗಂಟೆಗೆ ಪುಂಡಲೀಕನೇ ಠಾಣೆಗೆ ಹೋಗಿ, ಬಾಗಿಲಲ್ಲೇ ಕಾಲಿಗೆ ಬಿದ್ದು, ಅತ್ತಿಗೆಯನ್ನು ಮನೆಗೆ ಕರೆತಂದ. ಅವಳು ಅವನನ್ನು ಬೈಯಲಿಲ್ಲ, ಏಳು ಅಂದಳಂತೆ, ಅಷ್ಟೇ. ನಾನೂ ಸಾಬರೂ ಹಿತ್ತಿಲಲ್ಲಿ ಕಾಯುತ್ತಿದ್ದೆವು. ಕೆರೆದವರು ತಮ್ಮ ಕೈಯಿಂದಲೇ ಗೋಡೆ ಮುಚ್ಚಿ ಹೋಗಬೇಕು ಎನ್ನುವುದು ನಮ್ಮ ಪದ್ಧತಿ. ಸಾಬರು ಸುಣ್ಣ ಕಲಸಿಟ್ಟಿದ್ದರು. ರುಕುಮಾಬಾಯಿ ಹಿತ್ತಿಲ ಬಾಗಿಲಿಗೆ ಬಂದವಳು, ತೆರೆದ ಗೋಡೆ ಎದುರಿಗೆ ಇದೆ ಎಂದು ತಿಳಿದ ಕೂಡಲೇ ಕಣ್ಣು ಮುಚ್ಚಿಕೊಂಡು ಬಾವಿ ಕಡೆ ತಿರುಗಿದಳು.

"ಅಮ್ಮಾ, ನನ್ನಿಂದ ತಪ್ಪಾಯ್ತು" ಅಂದೆ. "ಪೂರ್ತಿ ಕೆರೀದೆ ಬಾಯಿ ಬಿಟ್ಟೆ. ನಿಮ್ಮನ್ನ ಉಳಿಸಿದ್ದು ನೀವು ಹೊಲಿದ ಅಂಗಿ. ಈಗ ಸುಣ್ಣ ಹೊಡೆದುಬಿಡ್ತೀವಿ. ಅದಕ್ಕೆ ಮುಂಚೆ ನೋಡೋದಿದ್ರೆ ನೋಡಿ. ಅವರದು ನೀವು ಓದಿದ್ರೆ ಇನ್ನು ತಪ್ಪೇನಿಲ್ಲ."

ಅವಳು ಗೋಡೆಯ ಕಡೆ ತಿರುಗಿ ಕಣ್ಣು ಬಿಟ್ಟಳು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡನ ಸಾಲುಗಳನ್ನು ಅವಳು ನೋಡಿದ್ದು ಅದೇ ಮೊದಲು. ಮೇಲಿನವು ಅವಳ ಕಣ್ಣಿಗಿಂತ ಎತ್ತರದಲ್ಲಿದ್ದವು, ಕತ್ತೆತ್ತಿ ಓದಿದಳು. ಮಲ್ಲಿಗೆ ಗಿಡದ ಹತ್ತಿರ ತುಟಿ ಸ್ವಲ್ಪ ಅಲುಗಿತು. ಅಂಗಡಿಯನ್ನು ಹೆಂಡತಿಯ ಹೆಸರಿಗೆ ಬರೆಸುವ ಸಾಲಿನ ಹತ್ತಿರ ನಿಂತಳು. ಭಾರವಾಗದೆ ಇರುವುದು ಹೇಗೆ ಎನ್ನುವುದನ್ನು ಎರಡು ಸಲ ಓದಿದಳು. ಕೊನೆಗೆ ತನ್ನ ಗದ್ದದ ಮಟ್ಟಕ್ಕೆ ಬಂದಳು. ಅವರದೂ ಅವಳದೂ ಪಕ್ಕ ಪಕ್ಕದಲ್ಲಿದ್ದವು. ಒಂದು ವಾರ ಹಗಲೂ ರಾತ್ರಿ ಹಾಗೇ ಪಕ್ಕದಲ್ಲಿ ಇದ್ದವು.

"ಇದು ಯಾವ ಶುಕ್ರವಾರದ ಕೆಳಗಿತ್ತು ಅಣ್ಣ?" ಎಂದು ಕೇಳಿದಳು.

ಹೇಳದೆ ಇರಬಹುದಿತ್ತು. ಆದರೆ ಒಂದು ಸಲ ಅರ್ಧ ಹೇಳಿ ಅವಳನ್ನು ಠಾಣೆಗೆ ಕಳಿಸಿದ್ದೆ. "ಗೌರಿ ಹಬ್ಬ ಆಗಿ ಮೂರನೇದು. ಅವರು ಹೋಗೋದಕ್ಕೆ ಎರಡು ದಿನ ಮುಂಚೆ" ಅಂದೆ.

ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. "ಅವತ್ತು ಅವ್ರು ಇಲ್ಲೇ ಕೂತಿದ್ರು. ನಾನು ಬಳೀತಿರೋದನ್ನ ನೋಡ್ತಿದ್ರು. ಯಾವತ್ತೂ ಕೂರೋರಲ್ಲ, ಅವತ್ತು ಕೂತಿದ್ರು" ಅಂದಳು. "ನಾನು ಕಣ್ಮುಚ್ಕೊಂಡೇ ಬಳ್ದೆ. ಸುಣ್ಣದ ಒದ್ದೆಯಲ್ಲಿ ಕೈಗೆ ಅಕ್ಷರ ತಾಗ್ತು. ಪಾಪ, ಅವ್ರದೇನೋ ಸರಿಯಾಗಿ ಮುಚ್ಲಿಲ್ಲವೇನೋ, ಎದುರಿಗೇ ಕೂತಿದ್ದಾರೆ, ಮುಜುಗರ ಆಗುತ್ತೆ ಅಂತ ಅಲ್ಲಿಗೆ ಇನ್ನೊಂದು ಕೈ ಎಳ್ದೆ" ಅಂದಳು.

ಹಯಾತ್ ಸಾಬರು ಕುಂಚವನ್ನು ಬಕೆಟ್ಟಿನಲ್ಲಿ ಬಿಟ್ಟು ಅವಳ ಎದುರು ಕುಕ್ಕರುಗಾಲಲ್ಲಿ ಕೂತರು. "ಅದು ತಪ್ಪಲ್ಲ ತಾಯಿ. ಊರೆಲ್ಲ ಹಂಗೇ ಮಾಡೋದು. ಅದು ಮರ್ಯಾದೆ" ಅಂದರು.

ರುಕುಮಾಬಾಯಿ ತಲೆ ಎತ್ತಿ ಅವರನ್ನು ನೋಡಿದಳು. ಅಷ್ಟು ದಿನ ಅಳದವಳ ಕಣ್ಣಿಂದ ಆಗ ನೀರು ಇಳಿಯತೊಡಗಿತು. "ಹೂಂ ಸಾಬ್ರೇ, ಮರ್ಯಾದೇನೇ. ನಮ್ಮಿಬ್ರ ನಡುವೆ ಅದು ಭಾಳ ಇತ್ತು" ಅಂದಳು.